ಪದ ಪರಿಚಯ: ಆರಂಭದ ದೃಶ್ಯಾವಳಿ

ಓಪನಿಂಗ್ ಸೀಕ್ವೆನ್ಸ್ ಅಂದರೆ ಸಿನಿಮಾದ ಮೊದಲ ಕೆಲವು ನಿಮಿಷಗಳ ದೃಶ್ಯಾವಳಿ. ಟೈಟಲ್ ಕಾರ್ಡು ಅದರೊಳಗೇ ಬರಬಹುದು, ಬಾರದೆಯೂ ಇರಬಹುದು. ಪದದ ಅರ್ಥ ಇಷ್ಟೇ. ಆದರೆ ಮೀಸೆ ಚಿಗುರುವ ವಯಸ್ಸಿನ ಕಥೆಗಳಲ್ಲಿ ಅದರ ಹೊಣೆ ದೊಡ್ಡದು. ತನಗೆ ಏನಾಗುತ್ತಿದೆ ಎಂದು ಹೇಳಿಕೊಳ್ಳಲು ಆ ವಯಸ್ಸಿಗೆ ಮಾತು ಸಿಕ್ಕಿರುವುದಿಲ್ಲ. ಬೀದಿ, ಬೆಳಕು, ಸದ್ದುಗಳೇ ಅದರ ಪರವಾಗಿ ಮಾತಾಡಬೇಕು.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒದಗಿದ್ದು ನಮ್ಮ ಕಾವ್ಯಮೀಮಾಂಸೆಯ ಎರಡು ಪದಗಳು. ಭಾವ ಯಾರನ್ನು ಆಶ್ರಯಿಸಿ ಹುಟ್ಟುತ್ತದೋ ಆ ವ್ಯಕ್ತಿ ಆಲಂಬನ ವಿಭಾವ. ಅದನ್ನು ಕೆರಳಿಸುವ ಬೆಳದಿಂಗಳು, ಮಳೆ, ಗಾಳಿ ಉದ್ದೀಪನ ವಿಭಾವ. ಎರಡರಲ್ಲಿ ಯಾವುದು ಮೊದಲು ತೆರೆಗೆ ಬರುತ್ತದೆ ಎನ್ನುವುದರ ಮೇಲೆ ಸಿನಿಮಾದ ಮೂಡ್ ನಿಲ್ಲುತ್ತದೆ.

ಫ್ರಾನ್ಸ್‌ನ ನಿರ್ದೇಶಕ ತ್ರುಫೊ 1959ರಲ್ಲಿ ಮಾಡಿದ ‘ದಿ 400 ಬ್ಲೋಸ್’ ಉದ್ದೀಪನದಿಂದ ಶುರುವಾಗುತ್ತದೆ. ಹೆಸರುಗಳು ಬರುವಷ್ಟು ಹೊತ್ತೂ ಕ್ಯಾಮೆರಾ ಪ್ಯಾರಿಸ್ಸಿನ ಬೀದಿಗಳಲ್ಲಿ ಸಾಗುತ್ತಲೇ ಇರುತ್ತದೆ. ಕಟ್ಟಡಗಳ ಸಂದಿಯಲ್ಲಿ ಐಫೆಲ್ ಗೋಪುರ ಇಣುಕುತ್ತದೆ, ಮರೆಯಾಗುತ್ತದೆ, ಮತ್ತೆ ಇಣುಕುತ್ತದೆ. ಹುಡುಗ ಇನ್ನೂ ಬಂದಿಲ್ಲ, ಆದರೆ ತಲೆಯೆತ್ತಿ ನೋಡುವ ಅವನ ನೋಟ ಆಗಲೇ ಬಂದಿದೆ. ಕಣ್ಣಿಗೆ ಕಂಡೂ ಕೈಗೆ ಸಿಗದ್ದೊಂದರ ಹಂಬಲ ನಮ್ಮೊಳಗೆ ಇಳಿದಿರುತ್ತದೆ. ಆಮೇಲೆ ತರಗತಿ. ಕೈಯಿಂದ ಕೈಗೆ ದಾಟುತ್ತಿದ್ದ ಚಿತ್ರವೊಂದು ಆ ಹುಡುಗ ಆಂತ್ವಾನ್‌ನ ಕೈಗೆ ಬಂದಾಗಲೇ ಮೇಷ್ಟರ ಕಣ್ಣಿಗೆ ಬೀಳುತ್ತದೆ. ಅವನ ಮೇಲೆ ನಮಗೆ ಸಿಟ್ಟು ಬರುವುದಿಲ್ಲ, ಮರುಕ ಹುಟ್ಟುತ್ತದೆ.

ನಮ್ಮ ಚಿತ್ರದುರ್ಗದ ‘ನಾಗರಹಾವು’ (1972) ಶುರುವಾಗುವುದೂ ತರಗತಿಯಲ್ಲಿ ಸಿಕ್ಕಿಬೀಳುವ ಹುಡುಗನಿಂದಲೇ. ಆದರೆ ಇಲ್ಲಿ ಪುಟ್ಟಣ್ಣ ಕಣಗಾಲ್ ಆಲಂಬನವನ್ನೇ ನೇರ ಮುಂದಿಡುತ್ತಾರೆ. ರಾಮಾಚಾರಿ ಕಾಪಿ ಹೊಡೆದು ಸಿಕ್ಕಿಬೀಳುತ್ತಾನೆ. ಅವಮಾನ ಪಶ್ಚಾತ್ತಾಪವಾಗುವುದಿಲ್ಲ, ವಿಷವಾಗುತ್ತದೆ. ರಾತ್ರಿ ಪ್ರಿನ್ಸಿಪಾಲರಿಗೆ ಕಲ್ಲು ಹೊಡೆದು, ಅವರನ್ನು ಕಂಬಕ್ಕೆ ಕಟ್ಟಿ ಓಡಿಹೋಗುತ್ತಾನೆ. ಹುಡುಗನ ಒಳ್ಳೆಯತನದ ಒಂದು ಎಳೆಯೂ ಕಾಣುವ ಮೊದಲೇ ಅವನ ಹೆಡೆ ನೋಡಿಬಿಟ್ಟಿರುತ್ತೇವೆ. ಮುಂದೆ ಚಾಮಯ್ಯ ಮೇಷ್ಟ್ರು ತಲೆ ಸವರಿದಾಗ ನಮಗೆ ಗಂಟಲು ಕಟ್ಟುವುದು ಅದಕ್ಕೇ. ಕೋಟೆಯ ಬಂಡೆಗಳು ಆಮೇಲೆ ಅವನ ಸ್ವಭಾವಕ್ಕೆ ಸಾಕ್ಷಿಯಾಗಿ ನಿಲ್ಲುತ್ತವೆ. ತ.ರಾ.ಸು. ಕಾದಂಬರಿಗಳಿಂದ ಬಂದ ಈ ಕಥೆಯನ್ನು ಬೇರೆ ಊರಿನಲ್ಲಿ ನನಗೆ ಊಹಿಸಿಕೊಳ್ಳಲೂ ಆಗದು.

ಘಟನೆ ಹೆಚ್ಚುಕಡಿಮೆ ಒಂದೇ, ಮೂಡ್ ಮಾತ್ರ ತೀರ ಬೇರೆ. ಸಂಗೀತ, ಬಣ್ಣ, ಶಾಟ್‌ನ ಉದ್ದ ಎಲ್ಲವೂ ಮುಖ್ಯವೇ, ಆದರೆ ಅದು ಯಾವ ವಿಭಾವ ಮೊದಲು ಎಂಬ ಈ ಹಿಂದುಮುಂದಿನ ನಿರ್ಧಾರವಾದ ಮೇಲಿನ ಮಾತು.

ಪಿಯುಸಿ ಮುಗಿಸಿ ಮೊದಲ ಸಲ ಊರು ಬಿಡುವ ದುರ್ಗದ ಹುಡುಗಿಯ ಕಥೆ ಎಂದಿಟ್ಟುಕೊಳ್ಳಿ. ಅಡುಗೆಮನೆಯಲ್ಲಿ ಅಮ್ಮನೊಂದಿಗೆ ಜಗಳವಾಡುವ ಮುಖದಿಂದ ಶುರುಮಾಡಿದರೆ ಅದು ಹಟದ ಸಿನಿಮಾ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ನಸುಕಿನಲ್ಲಿ ತಿರುಗುವ ಗಾಳಿಯಂತ್ರಗಳು, ಕೆಳಗೆ ಹೆದ್ದಾರಿಯ ಲಾರಿಗಳ ಸದ್ದು, ಬಸ್ಸಿನ ಕಿಟಕಿಗೆ ಒತ್ತಿಕೊಂಡ ಒಂದು ಅಂಗೈ. ನಾನಾದರೆ ಹೀಗೆ ಶುರುಮಾಡಿ, ಬಸ್ಸು ಊರು ದಾಟುವವರೆಗೂ ಅವಳ ಮುಖ ತೋರಿಸುವುದಿಲ್ಲ.