ಪೋಕ್ಸೊ ಕೇಸಿನಲ್ಲಿ ಮೊದಲ ಪೆಟ್ಟು ವಯಸ್ಸಿನ ಮೇಲೆ

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ ಪೋಕ್ಸೊ ಕಾಯ್ದೆಯ 29ನೇ ಕಲಂ ಇದೆಯಲ್ಲ, ನಿರಪರಾಧಿ ಎಂದು ಆರೋಪಿಯೇ ತೋರಿಸಿಕೊಳ್ಳಲಿ ಎಂದು ಮಗುವಿನ ಮನೆಯವರು ನಂಬಿಕೊಂಡಿರುತ್ತಾರೆ. ಕೆಲವು ತನಿಖಾಧಿಕಾರಿಗಳೂ ಅಷ್ಟೇ. ಆದರೆ ಮಗುವಿಗೆ 18 ತುಂಬಿಲ್ಲ, ಕೃತ್ಯ ನಡೆದಿದೆ, ಮಾಡಿದವನು ಇವನೇ ಎಂಬ ಮೂಲ ಸಂಗತಿಗಳನ್ನು ಪ್ರಾಸಿಕ್ಯೂಷನ್ ಮೊದಲು ಸಾಬೀತು ಮಾಡಬೇಕು. ಹೊಣೆ ಆರೋಪಿಯ ಮೇಲೆ ಬೀಳುವುದು ಆಮೇಲೆ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮೊದಲ ಪೆಟ್ಟು ಬೀಳುವುದೇ ವಯಸ್ಸಿನ ಮೇಲೆ. ಏಳೆಂಟು ವರ್ಷದ ಮಗುವಾದರೆ ತಕರಾರಿಲ್ಲ. ಹದಿನಾರು, ಹದಿನೇಳರ ಹುಡುಗಿಯಾದರೆ ಇಡೀ ಕೇಸು ಅದರ ಮೇಲೇ ನಿಂತಿರುತ್ತದೆ. ಹಳ್ಳಿ ಶಾಲೆಯ ದಾಖಲಾತಿ ವಹಿ ತೆರೆದರೆ ಸಾಲುಸಾಲಾಗಿ ಜೂನ್ 1ಕ್ಕೆ ಹುಟ್ಟಿದ ಮಕ್ಕಳು. ಮುಖ್ಯೋಪಾಧ್ಯಾಯರು ಸಾಕ್ಷಿಕಟ್ಟೆ ಹತ್ತಿದಾಗ ಪಾಟಿಸವಾಲಿನಲ್ಲಿ ಎರಡೇ ಪ್ರಶ್ನೆ: ‘ಈ ತಾರೀಖು ಬರೆಸಿದವರು ಯಾರು? ಯಾವ ದಾಖಲೆ ನೋಡಿ ಬರೆದುಕೊಂಡಿರಿ?’ ‘ನಾನು ಆಗ ಆ ಶಾಲೆಯಲ್ಲಿರಲಿಲ್ಲ, ಗೊತ್ತಿಲ್ಲ’ ಎಂಬ ಉತ್ತರ ಬಂದರೆ ಅನುಮಾನದ ಲಾಭ ಆರೋಪಿಗೆ ಹೋಗುವ ಅಪಾಯವಿದೆ.

2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಇದಕ್ಕೊಂದು ಕ್ರಮ ಹಾಕಿದೆ. ಮೊದಲು ಶಾಲೆ ಕೊಡುವ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯ್ತಿಯ ಜನನ ಪ್ರಮಾಣಪತ್ರ. ಯಾವುದೂ ಇಲ್ಲದಾಗ ಮಾತ್ರ ಎಲುಬಿನ ಬೆಳವಣಿಗೆ ನೋಡಿ ವಯಸ್ಸು ಅಂದಾಜಿಸುವ ವೈದ್ಯಕೀಯ ಪರೀಕ್ಷೆ. ಶಾಲೆಯ ಬರೀ ಟಿಸಿ (ವರ್ಗಾವಣೆ ಪತ್ರ) ಸಾಲದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಎಲುಬಿನ ಪರೀಕ್ಷೆಯಲ್ಲಿ ಎರಡು ವರ್ಷ ಹಿಂದುಮುಂದಾಗಬಹುದು. ವರದಿಯಲ್ಲಿ ಹದಿನೇಳು ಎಂದಿದ್ದರೆ, ಹತ್ತೊಂಬತ್ತು ಏಕಾಗಬಾರದು ಎಂಬ ವಾದ ಸಿದ್ಧವಾಗಿರುತ್ತದೆ. ಚಾರ್ಜ್‌ಶೀಟ್ ಹಾಕುವ ಮುಂಚೆಯೇ ಜನನ ಪ್ರಮಾಣಪತ್ರ, ಹೆರಿಗೆಯಾದ ಆಸ್ಪತ್ರೆಯ ರಿಜಿಸ್ಟರ್, ತಾಯಿ ಕಾರ್ಡ್ ಹುಡುಕಿ ಸೇರಿಸಿ. ವಹಿಯಲ್ಲಿ ಬರೆದ ಶಿಕ್ಷಕರು ನಿವೃತ್ತರಾಗಿದ್ದರೂ ಸರಿ, ಅವರನ್ನೇ ಸಾಕ್ಷಿ ಮಾಡಿ.

ಎರಡನೆಯ ಪೆಟ್ಟು ಬೀಳುವುದು ಮಗುವಿನ ಹೇಳಿಕೆಯ ಮೇಲೆ. ‘ಲೈಂಗಿಕ ದೌರ್ಜನ್ಯ ಎಸಗಿರುತ್ತಾನೆ’ ಎಂದು ಎಂಟು ವರ್ಷದ ಕೂಸು ಹೇಳುವುದಿಲ್ಲ. ಠಾಣೆಯ ಭಾಷೆಯಲ್ಲಿ ಬರೆದ ಹೇಳಿಕೆಯನ್ನು ಕೋರ್ಟಿನಲ್ಲಿ ಓದಿದಾಗ ಮಗು ಮಿಕಿಮಿಕಿ ನೋಡುತ್ತದೆ; ಹೇಳಿಕೊಟ್ಟ ಸಾಕ್ಷಿ ಎನ್ನಲು ಅಷ್ಟು ಸಾಕು. ಮಗು ಆಡಿದ ಮಾತು ಆಡಿದ ಹಾಗೇ ಕಾಗದಕ್ಕೆ ಬರಲಿ. ಲಂಬಾಣಿ, ತೆಲುಗು, ಉರ್ದು ಮನೆಮಾತಿನ ಮಕ್ಕಳಿಗೆ ಪೋಕ್ಸೊ ಕಾಯ್ದೆಯ 38ನೇ ಕಲಂ ಪ್ರಕಾರ ದುಭಾಷಿಯನ್ನು ಕೇಳಿ ಪಡೆಯಿರಿ. ಇದನ್ನು ಕೇಳುವವರೇ ಕಡಿಮೆ ಎಂಬುದು ನೋವಿನ ಸಂಗತಿ.

ಇನ್ನು ಕುರುಹುಗಳ ಮಾತು. ಕೃತ್ಯ ನಡೆದಾಗ ಮಗು ತೊಟ್ಟಿದ್ದ ಬಟ್ಟೆ ಒಗೆಯಬೇಡಿ. ಹಸಿಯಿದ್ದರೆ ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿದು ಡಿಎನ್‌ಎ ಕೆಡುತ್ತದೆ. ಎಫ್‌ಐಆರ್ ಆಗಿಲ್ಲವೆಂದು ವೈದ್ಯಕೀಯ ಪರೀಕ್ಷೆ ನಿಲ್ಲಿಸುವಂತಿಲ್ಲ ಎನ್ನುತ್ತದೆ ಅದೇ ಕಾಯ್ದೆಯ 27ನೇ ಕಲಂ. ಗಾಯ ಕಾಣದಿದ್ದ ಮಾತ್ರಕ್ಕೆ ಕೇಸು ಸುಳ್ಳಾಗುವುದಿಲ್ಲ. ನಂಬಲರ್ಹವಾದರೆ ಮಗುವಿನ ಸಾಕ್ಷ್ಯವೊಂದೇ ಶಿಕ್ಷೆಗೆ ಸಾಕು.

ಕೋರ್ಟು ಕೇಸನ್ನು ಸಂಜ್ಞಾನಕ್ಕೆ, ಅಂದರೆ ಪರಿಗಣನೆಗೆ, ತೆಗೆದುಕೊಂಡ 30 ದಿನದೊಳಗೆ ಆ ಸಾಕ್ಷ್ಯ ದಾಖಲಾಗಬೇಕೆಂದು 35ನೇ ಕಲಂ ಹೇಳುತ್ತದೆ. ತಡವಾದಷ್ಟೂ ಊರ ಹಿರಿಯರ ರಾಜಿ ಮಾತು ಶುರುವಾಗುತ್ತದೆ, ಕುಟುಂಬ ಗುಳೆ ಹೋಗುತ್ತದೆ, ಸಮನ್ಸ್ ‘ಮನೆಗೆ ಬೀಗ’ ಎಂಬ ಷರಾದೊಂದಿಗೆ ವಾಪಸಾಗುತ್ತದೆ. ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆ ಇದೆಯಲ್ಲ ಎಂದು ಸುಮ್ಮನಿರಬೇಡಿ. ವಿಚಾರಣೆಯಲ್ಲಿ ಮಗು ಹೇಳಿದ ಮಾತಿಗೆ ಅದು ಪುಷ್ಟಿ ಕೊಡಬಹುದೇ ಹೊರತು ಅದರ ಜಾಗ ತುಂಬದು. ಚಾರ್ಜ್‌ಶೀಟ್‌ನ ಸಾಕ್ಷಿಪಟ್ಟಿ ತಯಾರಿಸುವಾಗಲೇ ಕುಟುಂಬ ದುಡಿಯಲು ಹೋಗುವ ಊರು, ಕರೆದೊಯ್ಯುವ ಮೇಸ್ತ್ರಿಯ ಫೋನ್ ನಂಬರು ಬರೆದಿಟ್ಟುಕೊಂಡು ಸರ್ಕಾರಿ ಅಭಿಯೋಜಕರಿಗೆ ಕೊಡಿ.