ಚೌತಿಗೆ ಅಟ್ಟದಿಂದ ಇಳಿದ ವಿಡಿಯೋ ಗೇಮ್: ಈಗಲೇ ಕರೆಂಟಿಗೆ ಹಾಕಬಹುದಾ?

ಪ್ರಶ್ನೆ: ಫಲಾವಳಿ ಕಟ್ಟುವ ಚೌಕಟ್ಟು ಇಳಿಸಲು ಅಟ್ಟ ಹತ್ತಿದಾಗ ನಮ್ಮ ಹಳೆಯ ವಿಡಿಯೋ ಗೇಮ್ ಸಿಕ್ಕಿತು. ಎರಡು ರಿಮೋಟು, ಒಂದು ಗನ್ನು, ನಾಲ್ಕು ಕ್ಯಾಸೆಟ್ಟು ಎಲ್ಲಾ ಇದೆ. ಶಿರಸಿ ಜಾತ್ರೆಯಲ್ಲಿ ಅಪ್ಪ ಕೊಡಿಸಿದ್ದು. ಇಪ್ಪತ್ತು ವರ್ಷಕ್ಕೂ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿತ್ತು. ಮಕ್ಕಳು ಈಗಲೇ ಹಚ್ಚು ಅಂತ ಕೂತಿದ್ದಾರೆ. ಹಚ್ಚಬಹುದಾ?
ಕುಮಟಾದ ಓದುಗರೊಬ್ಬರು

ಇವತ್ತು ಬೇಡ. ದೀಪಾವಳಿವರೆಗೆ ತಡೆಯಿರಿ. ಮಕ್ಕಳಿಗೆ ಬೇಸರವಾಗುತ್ತದೆ, ಗೊತ್ತು. ಆದರೂ ಬೇಡ.

ಈ ಪ್ರಶ್ನೆ ನನಗೆ ವರ್ಷಾವರ್ಷ ಬರುತ್ತದೆ, ಅದೂ ಹೆಚ್ಚಾಗಿ ಚೌತಿಯ ಹೊತ್ತಿಗೇ. ನಮ್ಮ ಕಡೆ ಅಟ್ಟಕ್ಕೆ ಏಣಿ ಇಡುವುದೇ ಆಗ. ಆದರೆ ಅಟ್ಟದ ಸಾಮಾನಿಗೆ ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ನೆನೆದ ಗೋಡೆ, ಹೆಂಚು, ಬಟ್ಟೆ ಯಾವುದೂ ಚೌತಿಗೆ ಪೂರ್ತಿ ಒಣಗಿರುವುದಿಲ್ಲ. ಅಟ್ಟದ ಮೇಲಿನ ಪೆಟ್ಟಿಗೆಯೊಳಗಿನ ಬೋರ್ಡೂ, ಅಂದರೆ ತಾಮ್ರದ ಗೆರೆ ಎಳೆದು ಬಿಡಿಭಾಗ ಕೂರಿಸಿದ ಹಲಗೆಯೂ, ಒಣಗಿರುವುದಿಲ್ಲ.

ಕರಾವಳಿಯಲ್ಲಿ ಇದರ ಜೊತೆ ಉಪ್ಪು ಬೇರೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿ. ಸಾಣಿಕಟ್ಟಾದ ಹರಳುಪ್ಪು ತಂದಿಟ್ಟರೆ ನಾಲ್ಕು ದಿನದಲ್ಲಿ ತಳದಲ್ಲಿ ನೀರು ನಿಂತಿರುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿತೆಂದರೆ ಉಪ್ಪು ತಾನಾಗಿಯೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಕಡಲ ಗಾಳಿಯಲ್ಲಿ ಬಂದ ಉಪ್ಪು ನಿಮ್ಮ ಬೋರ್ಡಿನ ದೂಳಿನಲ್ಲೂ ಸೇರಿಕೊಂಡಿದೆ, ಅಲ್ಲೂ ಅದೇ ಆಗುತ್ತಿದೆ. ಕರೆಂಟಿಲ್ಲದೆ ಸುಮ್ಮನೆ ಬಿದ್ದಿದ್ದರೆ ಆ ಉಪ್ಪುನೀರು ತಾಮ್ರವನ್ನು ನಿಧಾನಕ್ಕೆ ತಿನ್ನುತ್ತದೆ. ಒಮ್ಮೆ ಕರೆಂಟು ಹರಿಸಿದಿರೋ, ಒಂದು ಗೆರೆಯಿಂದ ಪಕ್ಕದ ಗೆರೆಗೆ ಆ ನೀರಿನಲ್ಲೇ ವಿದ್ಯುತ್ತು ಸಾಗಿ ತಾಮ್ರ ಬಲು ಬೇಗ ಕಿಲುಬು ಹಿಡಿದು ಕಡಿಯುತ್ತದೆ. ಇಪ್ಪತ್ತು ವರ್ಷ ಬದುಕಿದ ಯಂತ್ರ ಹಚ್ಚಿದ ದಿನವೇ ಸಾಯುವುದಕ್ಕೆ ಇದು ದೊಡ್ಡ ಕಾರಣ. ಘಟ್ಟದ ಮೇಲೆ, ಶಿರಸಿ ಕಡೆ ಉಪ್ಪಿನ ಕಾಟ ಇಲ್ಲ. ಅಲ್ಲಿ ಬೂಷ್ಟು, ಮತ್ತೆ ಅಡಿಕೆ ಒಣಗಿಸುವ ಹೊಗೆಯ ಜಿಡ್ಡು. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲವೂ ಕಾಪಾಡಿರುವುದಿಲ್ಲ. ಒಳಗೆ ಸಿಕ್ಕಿಕೊಂಡ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ನಿಮ್ಮ ಕೈಲಿರುವುದು ಏನು ಅಂತಲೂ ಹೇಳಿಬಿಡುತ್ತೇನೆ. ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ಬಿಡುಗಡೆ ಮಾಡಿತು. ನಮ್ಮ ಮನೆಗಳಿಗೆ ಬಂದಿದ್ದು ಬಹುತೇಕ ಅದರ ನಕಲುಗಳು. ಕ್ಯಾಸೆಟ್ಟಿನ ಅಂಚಿನಲ್ಲಿ ಚಿನ್ನದ ಬಣ್ಣದ ಪಿನ್ನುಗಳಿವೆಯಲ್ಲ, ಎಣಿಸಿ. ಒಂದು ಬದಿಗೆ 30ರಂತೆ ಒಟ್ಟು 60 ಇದ್ದರೆ ಅದು ಫ್ಯಾಮಿಕಾಮ್ ವಂಶದ್ದು. ಅಮೆರಿಕಕ್ಕೆ ಕಳಿಸಿದ ಮಾದರಿಯಲ್ಲಿ 72 ಇತ್ತು. ಅಸಲಿ ಯಂತ್ರದ ಪ್ರೊಸೆಸರಿನ ವೇಗ 1.79 ಮೆಗಾಹರ್ಟ್ಸ್, ಕೆಲಸಕ್ಕೆ ಇದ್ದ ಮೆಮೊರಿ 2 ಕೆ.ಬಿ., ಅಂದರೆ 2048 ಬೈಟ್. ಇವತ್ತು ಕಂಪ್ಯೂಟರಿನಲ್ಲಿ ಕನ್ನಡದ ಒಂದು ಅಕ್ಷರಚಿಹ್ನೆಗೆ 3 ಬೈಟ್ ಬೇಕು. ಅಂದರೆ ಆ ಮೆಮೊರಿಯಲ್ಲಿ ಹಿಡಿಸುವುದು ಸುಮಾರು 680 ಚಿಹ್ನೆ, ಈ ಉತ್ತರದ ಒಂದು ಪ್ಯಾರಾ ಅಷ್ಟೆ. ಅಷ್ಟರಲ್ಲೇ ಮಾರಿಯೋ ಓಡಿದ, ಹಾರಿದ, ಹೊಂಡಕ್ಕೆ ಬಿದ್ದ. ಇದನ್ನು ನೆನೆದಾಗಲೆಲ್ಲ ನನಗೆ ಆ ಕಾಲದ ಎಂಜಿನಿಯರುಗಳ ಮೇಲೆ ಗೌರವ ಉಕ್ಕುತ್ತದೆ.

ಈಗ ಕೆಲಸಕ್ಕೆ ಬರೋಣ. ಪೆಟ್ಟಿಗೆಯ ಅಡಿಯ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯಿರಿ. ಜಿರಲೆ ಮೊಟ್ಟೆ, ಇರುವೆ ಗೂಡು ಏನಿದ್ದರೂ ಒಣ ಬ್ರಷ್‌ನಲ್ಲಿ ತೆಗೆಯಿರಿ. ಹಸಿರು ಕಿಲುಬು ಎಲ್ಲಿ ಹಿಡಿದಿದೆ ನೋಡಿ. ಮೊಬೈಲ್ ರಿಪೇರಿಯವರು ಐಪಿಎ ಎಂದು ಕರೆಯುವ ಐಸೊಪ್ರೊಪೈಲ್ ಆಲ್ಕೋಹಾಲ್ ತಂದು, ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಮೆಲ್ಲಗೆ ಉಜ್ಜಿ. ಆಮೇಲೆ ಬೋರ್ಡನ್ನು ನೆರಳಲ್ಲೇ, ಫ್ಯಾನಿನ ಗಾಳಿಗೆ ಇಡಿ. ಹಲಸಿನ ಹಪ್ಪಳದ ಹಾಗೆ ಬಿಸಿಲಿಗೆ ಹರವಬೇಡಿ. ಹೊರಗಿನ ಪ್ಲಾಸ್ಟಿಕ್ಕು ಬಿಸಿಲಿಗೆ ಹಳದಿ ತಿರುಗುತ್ತದೆ. ಬಚ್ಚಲ ಒಲೆಯ ಹತ್ತಿರವೂ ಬೇಡ. ಮೊಬೈಲ್ ನೀರಿಗೆ ಬಿದ್ದರೆ ಮಾಡುವ ಹಾಗೆ ಅಕ್ಕಿ ಡಬ್ಬಿಯಲ್ಲಿ ಹೂಳುವುದಂತೂ ಬೇಡವೇ ಬೇಡ, ಅಕ್ಕಿಯ ಹಿಟ್ಟು ಕ್ಯಾಸೆಟ್ ಹಾಕುವ ಸೀಳಿನೊಳಗೆ ಸೇರಿಕೊಳ್ಳುತ್ತದೆ.

ಬೋರ್ಡಿನ ಮೇಲೆ ಸಣ್ಣ ಡ್ರಮ್ಮಿನಂಥ ಕೆಪಾಸಿಟರುಗಳಿರುತ್ತವೆ. ಅವುಗಳ ಒಳಗೆ ದ್ರವವಿದೆ. ವಯಸ್ಸಾದ ಹಾಗೆ ಅದು ಆರುತ್ತದೆ, ಇಲ್ಲವೇ ಅಡಿಯಿಂದ ಸೋರುತ್ತದೆ. ತಲೆ ಉಬ್ಬಿದ್ದರೆ, ಬುಡದಲ್ಲಿ ಕಂದು ಕಲೆ ಇದ್ದರೆ ಬದಲಿಸಲೇಬೇಕು. ಹಳೆಯ ಟಿವಿ ರಿಪೇರಿಯವರಿಗೆ ಇದು ಹತ್ತು ನಿಮಿಷದ ಕೆಲಸ. ಅಂಥವರು ಕಾರವಾರ, ಕುಮಟಾ, ಹೊನ್ನಾವರದಲ್ಲಿ ಈಗಲೂ ಇದ್ದಾರೆ. ಅವರ ಬಳಿ ಕೆಲಸ ಇರುವಾಗಲೇ ಹೋಗಿ ಮಾಡಿಸಿಕೊಳ್ಳಿ.

ಇನ್ನು ಅಡಾಪ್ಟರು. ಇಲ್ಲಿ ನಾನು ಕಳೆದುಕೊಂಡಿದ್ದನ್ನು ಹೇಳಲೇಬೇಕು.

ಕಾರವಾರದ ಕಾಜುಬಾಗದ ನಮ್ಮ ಮನೆಯಲ್ಲಿ ಅಣ್ಣನದೊಂದು ವಿಡಿಯೋ ಗೇಮ್ ಇತ್ತು. ಹತ್ತನೇ ಇಯತ್ತೆಯ ರಜೆಯಲ್ಲಿ ಕೈಖರ್ಚಿನ ದುಡ್ಡು ಕೂಡಿಹಾಕಿ ಕೊಂಡಿದ್ದು. ಒಂದನೇ ರಿಮೋಟಿನ ಬೆನ್ನ ಮೇಲೆ ಕೈವಾರದ ಮೊನೆಯಿಂದ ತನ್ನ ಹೆಸರು ಕೆತ್ತಿದ್ದ, ನಾನು ಮುಟ್ಟಬಾರದೆಂದು. ಎಷ್ಟೋ ವರ್ಷದ ಮೇಲೆ ಅದು ಸಿಕ್ಕಾಗ ಅಡಾಪ್ಟರು ಕಳೆದಿತ್ತು. ರೇಡಿಯೋದ ಒಂಬತ್ತು ವೋಲ್ಟಿನ ಅಡಾಪ್ಟರು ಮನೆಯಲ್ಲಿತ್ತು. ಪಿನ್ನು ಸರಿಯಾಗಿ ಕೂತಿತು. ಕೂತಿತಲ್ಲ, ಸಾಕು ಅಂದುಕೊಂಡು ಸ್ವಿಚ್ ಹಾಕಿದೆ. ಕೆಂಪು ದೀಪ ಹತ್ತಲಿಲ್ಲ. ಐದಾರು ಸೆಕೆಂಡಿನಲ್ಲಿ ಸುಟ್ಟ ವಾಸನೆ ಬಂತು. ಆಯಿ ಅಡುಗೆಮನೆಯಿಂದ "ಏನೋ ಅದು?" ಎಂದು ಕೂಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವೋಲ್ಟೇಜು ಸರಿಯಿತ್ತು, ದಿಕ್ಕು ತಪ್ಪಿತ್ತು. ಅಡಾಪ್ಟರಿನ ಚೀಟಿಯ ಮೇಲೆ ಒಂದು ಚುಕ್ಕಿ, ಅದರ ಸುತ್ತ ಅರ್ಧ ಬಳೆ, ಎರಡು ಕಡೆ ಪ್ಲಸ್ಸು ಮೈನಸ್ಸಿನ ಚಿತ್ರವಿರುತ್ತದೆ. ಪಿನ್ನಿನ ನಡುವಿನ ತೂತು ಪ್ಲಸ್ಸೋ ಮೈನಸ್ಸೋ ಎಂದು ಅದು ಹೇಳುತ್ತದೆ. ಅಸಲಿ ಫ್ಯಾಮಿಕಾಮ್‌ಗೆ ನಡುವೆ ಮೈನಸ್. ಇವತ್ತು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಅಡಾಪ್ಟರುಗಳಲ್ಲಿ ನಡುವೆ ಪ್ಲಸ್. ನಕಲುಗಳಲ್ಲಿ ಒಂದೊಂದು ಒಂದೊಂದು ಥರ. ಆದ್ದರಿಂದ ಪೆಟ್ಟಿಗೆಯ ಮೇಲಿನ ಗುರುತು ನೋಡದೆ, ಮಲ್ಟಿಮೀಟರ್ ಇಟ್ಟು ಅಳೆಯದೆ ಪಿನ್ನು ತೂರಿಸಬೇಡಿ. ಅಣ್ಣನ ಪೆಟ್ಟಿಗೆಯಲ್ಲಿ ಬೇರೆ ಬೇರೆ ಚಿಪ್ಪುಗಳಿರಲಿಲ್ಲ, ಇಡೀ ಯಂತ್ರವೇ ಒಂದು ಕಪ್ಪು ಮೇಣದಂಥ ಬೊಟ್ಟಿನ ಅಡಿಯಲ್ಲಿತ್ತು. ಕಡೆಕಡೆಗೆ ಬಂದ ಅಗ್ಗದ ನಕಲುಗಳು ಬಹುತೇಕ ಹೀಗೇ. ಆ ಬೊಟ್ಟು ಸತ್ತರೆ ಯಾವ ರಿಪೇರಿಯವರೂ ಬದುಕಿಸಲಾರರು. ಮುಂದೆ ಗುಜರಿಯಲ್ಲಿ ಸಿಕ್ಕ ಇನ್ನೊಂದು ಬೋರ್ಡನ್ನು ಅದೇ ಪೆಟ್ಟಿಗೆಗೆ ಕೂರಿಸಿದೆ. ಆಡಲು ಬರುತ್ತದೆ. ಆದರೆ ಅಣ್ಣ ಕೊಂಡ ಯಂತ್ರ ಅದಲ್ಲ ಎಂದು ನನಗೆ ಗೊತ್ತು.

ಸರಿಯಾದ ಅಡಾಪ್ಟರು ಸಿಕ್ಕ ಮೇಲೂ ಅದನ್ನು ಮೊದಲು ರಿಪೇರಿಯವರ ಸೀರೀಸ್ ಬಲ್ಬಿನ ಬೋರ್ಡಿಗೆ ಹಾಕಿಸಿ. ಹಳೆಯ ಕಾಲದ ತಂತಿಯ ಬಲ್ಬೊಂದನ್ನು ಕರೆಂಟಿನ ದಾರಿಯಲ್ಲಿ ಕೂರಿಸಿರುತ್ತಾರೆ. ಒಳಗೆ ಎಲ್ಲಾದರೂ ಶಾರ್ಟ್ ಆಗಿದ್ದರೆ 230 ವೋಲ್ಟಿನ ಹೊಡೆತವನ್ನು ಬಲ್ಬೇ ತಿಂದು ಝಗ್ಗನೆ ಉರಿಯುತ್ತದೆ, ನಿಮ್ಮ ಸಾಮಾನು ಉಳಿಯುತ್ತದೆ. ಬಲ್ಬು ಉರಿಯದೆ ಇದ್ದರೆ ಧೈರ್ಯದಿಂದ ಮುಂದುವರಿಯಬಹುದು. ಆಮೇಲೆ ಕ್ಯಾಸೆಟ್ ಹಾಕದೆ ಬರೀ ಪೆಟ್ಟಿಗೆ ಹಚ್ಚಿ. ಒಳಗೆ ಮೂರು ಕಾಲಿನ 7805 ಎಂಬ ಬಿಡಿಭಾಗ ಕಂಡರೆ, ಅದರಿಂದ ಹೊರಬರುವುದು 5 ವೋಲ್ಟ್ ಹೌದೋ ಅಲ್ಲವೋ ಅಳೆಯಿರಿ. 5 ಇದ್ದರೆ ಮಾತ್ರ ಕ್ಯಾಸೆಟ್.

ಕೆಲವರ ಅಟ್ಟದಲ್ಲಿ ಗೇಮ್ ಬದಲು ಕೀಬೋರ್ಡಿನ ಕಂಪ್ಯೂಟರೇ ಸಿಗುತ್ತದೆ. ಗಲ್ಫಿನಿಂದ ಯಾರೋ ತಂದಿದ್ದು, ಕೀಲಿಗಳ ಮೇಲೆ ಅರಬ್ಬಿ ಅಕ್ಷರ ಇದ್ದರೆ ಅದು ಕುವೈತಿನ ಸಖ್ರ್ ಇರಬಹುದು. 1983ರಲ್ಲಿ ಬಂದ ಎಂಎಸ್‌ಎಕ್ಸ್ ಮಾದರಿಯದ್ದು. ಭಟ್ಕಳ, ಹೊನ್ನಾವರದ ಕಡೆಯವರು ಇದನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ನೋಡಿ. 1984ರಲ್ಲಿ ಸರ್ಕಾರದ ಯೋಜನೆಯಲ್ಲಿ ದೇಶದ ಕೆಲವು ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಆದರೆ ಇನ್ನೂ ಎಚ್ಚರ ಬೇಕು. ಅದರ ಪವರ್ ಸಪ್ಲೈ ಪೆಟ್ಟಿಗೆಯೊಳಗೇ ಇದೆ. ಅಲ್ಲಿನ ಕಾಗದದ ಕೆಪಾಸಿಟರಿನ ಕವಚ ಬಿರುಕು ಬಿಟ್ಟು ತೇವ ಕುಡಿದಿರುತ್ತದೆ, ಹಚ್ಚಿದ ಕೂಡಲೇ ಸಿಡಿದು ಮನೆ ತುಂಬ ಹೊಗೆ. 286, 386 ಕಾಲದ ಪಿಸಿಗಳಲ್ಲಿ ಮದರ್‌ಬೋರ್ಡಿನ ಮೇಲೆ ಉರುಟು ಬ್ಯಾಟರಿ ಇರುತ್ತದೆ. ಅದು ಸೋರಿ ಸುತ್ತಲಿನ ಗೆರೆಗಳನ್ನು ತಿನ್ನುತ್ತದೆ. ಮೊದಲು ಅದನ್ನು ಕತ್ತರಿಸಿ ತೆಗೆಸಿ. ಸೋರಿದ್ದು ಕ್ಷಾರವಾದ್ದರಿಂದ ಲಿಂಬುರಸ ಹಚ್ಚಿ ಒರೆಸಿ, ಮೇಲೆ ಐಪಿಎ ಹಾಕಿ ತೊಳೆಯಬೇಕು.

ಟಿವಿಯ ಮಾತು. ಹೊಸ ಟಿವಿಯಲ್ಲಿ ಹಳದಿ ಪಿನ್ನಿನ ತೂತಿದ್ದರೆ ಚಿತ್ರ ಬರುತ್ತದೆ. ಆದರೆ ಬಟನ್ ಒತ್ತಿದ ಮೇಲೆ ಮಾರಿಯೋ ಹಾರಲು ಅರೆಗಳಿಗೆ ತಡವಾದಂತೆ ಅನಿಸಬಹುದು. ಗನ್ನಂತೂ ಕೆಲಸ ಮಾಡುವುದೇ ಇಲ್ಲ. ಬಾತುಕೋಳಿ ಹೊಡೆಯುವ ಆಟದಲ್ಲಿ ಟ್ರಿಗರ್ ಎಳೆದ ಕ್ಷಣ ಪರದೆ ಒಮ್ಮೆ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿಂಚುತ್ತದೆ. ಗನ್ನಿನ ಮೂತಿಯಲ್ಲಿರುವ ಕಣ್ಣು ಆ ಬೆಳಕು ಕಂಡಿತೋ ಇಲ್ಲವೋ ಎಂದು ಹೇಳುತ್ತದೆ. ಇದೆಲ್ಲ ಡಬ್ಬಾ ಟಿವಿಯ ತಕ್ಷಣದ ಬೆಳಕಿಗೆ ಹೊಂದಿಸಿ ಮಾಡಿದ್ದು. ಎಲ್‌ಇಡಿ ಟಿವಿ ಚಿತ್ರ ತೋರಿಸುವಷ್ಟರಲ್ಲಿ ಆ ಕ್ಷಣ ದಾಟಿಹೋಗಿರುತ್ತದೆ. ಹಾಗಾಗಿ ಅಟ್ಟದಲ್ಲಿ ಡಬ್ಬಾ ಟಿವಿಯೂ ಇದ್ದರೆ ದಯವಿಟ್ಟು ಕೊಡಬೇಡಿ. ಅದರ ಬೆನ್ನು ಮಾತ್ರ ನೀವು ಬಿಚ್ಚಬೇಡಿ, ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಇಷ್ಟೆಲ್ಲ ಯಾಕೆ, ಅದೇ ಆಟ ಮೊಬೈಲಿನಲ್ಲಿ ಸಿಗುತ್ತದಲ್ಲ ಎಂದು ನಿಮ್ಮ ಮನೆಯಲ್ಲೂ ಯಾರಾದರೂ ಕೇಳುತ್ತಾರೆ. ಸಿಗುತ್ತದೆ. ಆದರೆ ಅಪ್ಪ ಜಾತ್ರೆಯ ಗದ್ದಲದಲ್ಲಿ ನಿಂತು, ಚೌಕಾಸಿ ಮಾಡಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಘಟ್ಟ ಇಳಿಸಿ ತಂದ ಪೆಟ್ಟಿಗೆ ಮೊಬೈಲಿನಲ್ಲಿ ಇಲ್ಲ. ಬಟನ್ ಸವೆದಿರುವ ಜಾಗ ನಿಮ್ಮದೇ ಹೆಬ್ಬೆರಳಿನದು.

ಮಕ್ಕಳಿಗೆ ಅಲ್ಲಿಯತನಕ ಕ್ಯಾಸೆಟ್ಟುಗಳನ್ನು ಕೊಟ್ಟುಬಿಡಿ. ನಾವೆಲ್ಲ ಬಾಯಿಂದ ಊದುತ್ತಿದ್ದೆವು, ಅದು ಬೇಡ. ಉಸಿರಿನ ತೇವ ಪಿನ್ನಿಗೆ ಕೂತು ಇನ್ನಷ್ಟು ಕಿಲುಬು ಹಿಡಿಯುತ್ತದೆ. ಆಗ ಆಟ ಶುರುವಾಗುತ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದಾಗ ಪಿನ್ನು ಉಜ್ಜಿಕೊಂಡಿದ್ದಕ್ಕೆ. ಕಡ್ಡಿಗೆ ಹತ್ತಿ ಸುತ್ತಿ, ಒಂದೇ ಹನಿ ಐಪಿಎ ಹಾಕಿ, ನೀವು ಪಕ್ಕದಲ್ಲಿ ಕೂತು, ಒಂದೊಂದೇ ಪಿನ್ನು ಒರೆಸಲು ಕಲಿಸಿ. ಹತ್ತಿ ಮೊದಲು ಕಪ್ಪಾಗುತ್ತದೆ, ಆಮೇಲೆ ಕಂದಾಗುತ್ತದೆ, ಕಡೆಗೆ ಬೆಳ್ಳಗೇ ಉಳಿಯುತ್ತದೆ. ಬೆಳ್ಳಗೆ ಉಳಿಯುವ ತನಕ ಬಿಡಬಾರದು. ನಾಲ್ಕು ಕ್ಯಾಸೆಟ್ಟಿಗೆ ಒಟ್ಟು 240 ಪಿನ್ನು, ದೀಪಾವಳಿವರೆಗೆ ಸಾಕು.