66 ಪರ್ಸೆಂಟ್ ಅಲ್ಬಿನೊ ಹಾವು ಅಂದ್ರೆ ಏನು?

ಹೋದ ತಿಂಗಳು ಪುಣೆಯ ನನ್ನ ಕ್ಲಿನಿಕ್ಕಿಗೆ ಒಬ್ಬ ಹುಡುಗ ಬಂದಿದ್ದ. ಧಾರವಾಡದವನು, ಹಿಂಜವಡಿಯಲ್ಲಿ ಕೆಲಸ. ಡಬ್ಬಿಯಲ್ಲಿ ಒಂದು ಬಾಲ್ ಪೈಥಾನ್ ಮರಿ, ಅಂದರೆ ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು. ಕಪ್ಪು ಮೈ, ಕಂದು ಮಚ್ಚೆ, ಚುರುಕಾಗಿಯೇ ಇತ್ತು.

"ಡಾಕ್ಟ್ರೇ, ಇದು 66 ಪರ್ಸೆಂಟ್ ಅಲ್ಬಿನೊ ಐತ್ರೀ. ತಂದು ಆರು ತಿಂಗಳಾತು, ಬಣ್ಣ ಇನ್ನೂ ಬರವಲ್ದು."

ಮಾರಿದವರು ಕೊಟ್ಟ ಚೀಟಿ ನೋಡಿದೆ. '66% ಹೆಟ್ ಅಲ್ಬಿನೊ' ಅಂತಿತ್ತು. ಅಲ್ಬಿನೊ ಅಂದರೆ ಮೈಯಲ್ಲಿ ಕಪ್ಪೇ ಇಲ್ಲದ, ಬಿಳಿ-ಹಳದಿ ಹಾವು. ಈ ಮರಿಗೆ ಆ ಬಣ್ಣ ಬರುವುದೇ ಇಲ್ಲ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು.

ಅಲ್ಬಿನೊ ರಿಸೆಸಿವ್ ಗುಣ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಜೀನ್ ಬಂದರೆ ಮಾತ್ರ ಮೈಮೇಲೆ ಕಾಣುತ್ತದೆ. ಒಂದೇ ಬಂದರೆ ಒಳಗೆ ಅಡಗಿರುತ್ತದೆ. ಅಂಥ ಹಾವಿಗೆ 'ಹೆಟ್' ಅನ್ನುತ್ತಾರೆ. ಎರಡು ಹೆಟ್ ಹಾವು ಕೂಡಿಸಿದರೆ, ಸರಾಸರಿ ನಾಲ್ಕು ಮರಿಗೆ ಒಂದು ಅಲ್ಬಿನೊ, ಎರಡು ಹೆಟ್, ಒಂದರಲ್ಲಿ ಏನೂ ಇಲ್ಲ. ಅಲ್ಬಿನೊ ಮರಿ ಕಣ್ಣಿಗೇ ಗೊತ್ತಾಗುತ್ತದೆ. ಉಳಿದ ಮೂರು ನೋಡೋಕೆ ಒಂದೇ ಥರ. ಆ ಮೂರರಲ್ಲಿ ಎರಡು ಹೆಟ್. ಮೂರಕ್ಕೆ ಎರಡು, ಅದೇ 66. ಅಂದರೆ ಇದು ಹಾವಿನ ರಕ್ತದಲ್ಲಿ ಎಷ್ಟು ಪಾಲು ಅಲ್ಬಿನೊ ಅನ್ನುವ ಲೆಕ್ಕ ಅಲ್ಲ. ಈ ಮರಿಯಲ್ಲಿ ಆ ಜೀನ್ ಇರುವ ಸಾಧ್ಯತೆ ಎಷ್ಟು ಅನ್ನುವುದಷ್ಟೇ. ಒಂದು ಮರಿಯಲ್ಲಿ ಅದು ಇರುತ್ತದೆ, ಇಲ್ಲಾಂದ್ರೆ ಇಲ್ಲ. ಮುಕ್ಕಾಲು, ಅರ್ಧ ಅಂತ ಇರೋದಿಲ್ಲ.

ಖಚಿತ ಮಾಡಿಕೊಳ್ಳೋದು ಹೇಗೆ? ಹಳೆಯ ದಾರಿ, ದೊಡ್ಡದಾದ ಮೇಲೆ ಅಲ್ಬಿನೊ ಜೊತೆ ಕೂಡಿಸಿ ನೋಡುವುದು. ಒಂದು ಅಲ್ಬಿನೊ ಮರಿ ಹುಟ್ಟಿದರೆ ಸಾಬೀತಾಯಿತು. ಹುಟ್ಟದಿದ್ದರೆ? ಹಾವು ಹೆಟ್ ಆಗಿದ್ದರೆ, ಆರು ಮೊಟ್ಟೆಗಳಲ್ಲಿ ಒಂದೂ ಅಲ್ಬಿನೊ ಬಾರದೆ ಇರುವ ಸಾಧ್ಯತೆ 64ಕ್ಕೆ 1. ಅಷ್ಟಾದರೂ ಪೂರ್ತಿ ಇಲ್ಲ ಅನ್ನೋಕಾಗಲ್ಲ. ಈಗ ವಿದೇಶದ ಕೆಲವು ಲ್ಯಾಬ್‌ಗಳು ಕಳಚಿದ ಪೊರೆಯಿಂದಲೇ ಕೆಲವು ಜೀನ್‌ಗಳನ್ನು ಗುರುತಿಸುತ್ತವೆ.

'ಸೂಪರ್' ಅನ್ನುವ ಪದವೂ ಜನರನ್ನು ಗೊಂದಲಕ್ಕೆ ಹಾಕುತ್ತದೆ. ಅದು ಹೊಗಳಿಕೆ ಅಲ್ಲ. ಪಾಸ್ಟೆಲ್ ಅಂತ ಹಳದಿ ಹೆಚ್ಚಿರುವ ಒಂದು ಬಗೆ ಇದೆ. ಆ ಜೀನ್ ಒಂದಿದ್ದರೆ ಪಾಸ್ಟೆಲ್, ಎರಡಿದ್ದರೆ ಸೂಪರ್ ಪಾಸ್ಟೆಲ್. ನಮ್ಮ ಸಂಜೆಮಲ್ಲಿಗೆ ಗೊತ್ತಲ್ವಾ, ಇಲ್ಲಿನವರ ಗುಲ್‌ಬಕ್ಷಿ? ಅದರಲ್ಲಿ ಕೆಂಪು, ಬಿಳಿ ಕೂಡಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಇಲ್ಲೂ ಹಾಗೇ, ಒಂದು ಜೀನ್ ಇದ್ದಾಗ ನಡುವಿನ ರೂಪ. ಇದಕ್ಕೆ ಸರಿಯಾದ ಹೆಸರು ಇನ್‌ಕಂಪ್ಲೀಟ್ ಡಾಮಿನೆಂಟ್. ಹಾವು ಸಾಕುವವರು ಬಹಳ ವರ್ಷ 'ಕೋ-ಡಾಮ್' ಅಂತಲೇ ತಪ್ಪಾಗಿ ಕರೆದರು. ಕೋ-ಡಾಮಿನೆಂಟ್ ಅಂದರೆ ಎರಡೂ ಪೂರ್ತಿಯಾಗಿ ಕಾಣಬೇಕು, ಎಬಿ ರಕ್ತದ ಗುಂಪಿನ ಹಾಗೆ.

ಹೆಸರುಗಳನ್ನು ಇಡುವುದು ಮೊದಲು ಬೆಳೆಸಿದವರು. ಹಾಗಾಗಿ ಒಂದೇ ಬಣ್ಣಕ್ಕೆ ಇಬ್ಬರು ಎರಡು ಹೆಸರು ಇಟ್ಟಿದ್ದೂ ಇದೆ: ಬನಾನಾ, ಕೋರಲ್ ಗ್ಲೋ ಎರಡೂ ಒಂದೇ ಜೀನ್. ಕಾರ್ನ್ ಸ್ನೇಕ್ ಅನ್ನುವ ಇನ್ನೊಂದು ಸಾಕು ಹಾವಿನ 'ಸ್ನೋ' ಬಗೆ ಇದಕ್ಕೆ ಉಲ್ಟಾ. ಒಂದೇ ಹೆಸರು, ಒಳಗೆ ಎರಡು ಗುಣ: ಕಪ್ಪು ಹೋಗಿಸುವ ಅಮೆಲ್, ಕೆಂಪು ಹೋಗಿಸುವ ಅನೆರಿ.

ನನಗೆ ಜಾಸ್ತಿ ನೋವು ಕೊಡುವುದು ಬಾಲ್ ಪೈಥಾನ್‌ನ 'ಸ್ಪೈಡರ್' ಬಗೆ. ಬಲೆ ಹೆಣೆದ ಹಾಗೆ ಸಣ್ಣ ಗೆರೆ, ನೋಡೋಕೆ ತುಂಬ ಚೆಂದ. ಆದರೆ ಅದೇ ಜೀನ್ ಒಳಕಿವಿಯನ್ನೂ ಕೆಡಿಸುತ್ತದೆ. 2022ರ ಒಂದು ಅಧ್ಯಯನ ಅದನ್ನು ತೋರಿಸಿತು. ತಲೆ ಓಲಾಡುತ್ತದೆ. ಇಲಿ ಹಿಡಿಯಲು ಹೋಗಿ ಗುರಿ ತಪ್ಪುತ್ತದೆ. ಕೆಲವು ಮಗುಚಿ ಬಿದ್ದರೆ ಏಳೋಕೆ ಒದ್ದಾಡುತ್ತವೆ. ಒಂದರಲ್ಲಿ ಕಡಿಮೆ, ಒಂದರಲ್ಲಿ ಜಾಸ್ತಿ, ಅಷ್ಟೇ. ಗೆರೆ ಉಳಿಸಿಕೊಂಡು ರೋಗ ಬಿಡಿಸೋಕೆ ಯಾರಿಂದಲೂ ಆಗಿಲ್ಲ. ದಯವಿಟ್ಟು ಇದನ್ನು ಕೊಳ್ಳಬೇಡಿ, ಮರಿ ಮಾಡಿಸಬೇಡಿ.

ಇದೆಲ್ಲ ವಿದೇಶಿ ಹಾವುಗಳ ಮಾತು. ನಮ್ಮ ನಾಗರ, ಕೇರೆ, ಹೆಬ್ಬಾವು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್ ಇದ್ದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ ತಿಳಿಸಬೇಕು.

ಹುಡುಗ ಎಲ್ಲ ಕೇಳಿಸಿಕೊಂಡ. "ಹಂಗಾರ ವಾಪಸ್ ಕೊಡ್ಲೇನ್ರೀ?" ಅಂದ. ಮರಿ ಗಟ್ಟಿಮುಟ್ಟಾಗಿದೆ, ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬದುಕುತ್ತದೆ ಅಂದೆ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಡಬ್ಬಿಯ ಮೇಲಿನ ಚೀಟಿ ಕಿತ್ತು ನನ್ನ ಟೇಬಲ್ ಮೇಲಿಟ್ಟು, ಮರಿ ತಗೊಂಡು ಮನೆಗೆ ಹೋದ.